ಹಳೆಯ ಟರ್ಬೊ ಡೀಸೆಲ್ ಇಂಜಿನ್: ರಿಂಗ್ ಬದಲಿಸಿದರೆ ಸಾಕಾ, ಓವರ್‌ಸೈಜ್ ಪಿಸ್ಟನ್ ಬೇಕಾ, ಲೈನರ್ ಹಾಕಿಸಬೇಕಾ?

ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿಚ್ಚಿ ಪಕ್ಕಕ್ಕಿಟ್ಟ ತಕ್ಷಣ ಕೈ ತಾನಾಗಿಯೇ ಸಿಲಿಂಡರಿನ ಒಳಗೆ ಹೋಗುತ್ತದೆ. ಮೇಲಂಚಿನಿಂದ ಸ್ವಲ್ಪ ಕೆಳಗೆ, ಪಿಸ್ಟನ್ನಿನ ಮೊದಲನೇ ರಿಂಗ್ ಬಂದು ನಿಂತು ವಾಪಸ್ ತಿರುಗುವ ಜಾಗದಲ್ಲಿ, ಬೆರಳುಗುರನ್ನು ನಿಧಾನಕ್ಕೆ ಮೇಲಕ್ಕೆ ಎಳೆದು ನೋಡುತ್ತೇವೆ. ಉಗುರು ಜಾರಿಕೊಂಡು ಹೋದರೆ ಸಮಾಧಾನ. ಟಕ್ ಅಂತ ಸವೆತದಿಂದಾದ ಒಂದು ಮೆಟ್ಟಿಲಿಗೆ ಸಿಕ್ಕಿಕೊಂಡರೆ ಎದೆ ಸ್ವಲ್ಪ ಭಾರವಾಗುತ್ತದೆ. ಅಷ್ಟೊತ್ತಿಗೆ ಪಕ್ಕದಲ್ಲಿ ನಿಂತವರೆಲ್ಲ ಸಲಹೆ ಕೊಡೋಕೆ ಶುರು ಮಾಡಿರುತ್ತಾರೆ. ಒಬ್ಬರು ಹೋನ್ ಮಾಡಿಸಿ (ಸಿಲಿಂಡರಿನ ಒಳಮೈಯನ್ನು ಕಲ್ಲಿನಿಂದ ಉಜ್ಜಿಸಿ) ಹೊಸ ರಿಂಗ್ ಹಾಕು ಸಾಕು ಅನ್ನುತ್ತಾರೆ. ಇನ್ನೊಬ್ಬರು ಹೇಗಿದ್ರೂ ಬಿಚ್ಚಿದ್ದೀಯ, ದೊಡ್ಡ ಪಿಸ್ಟನ್ ಹಾಕಿಬಿಡು, ಗಾಡಿ ಹಾರುತ್ತೆ ಅನ್ನುತ್ತಾರೆ. ಮತ್ತೊಬ್ಬರಿಗೆ ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರಿಸುವ ತೆಳ್ಳಗಿನ ಕೊಳವೆ, ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಮೂರೂ ಸರಿಯಾದ ದಾರಿಗಳೇ. ಆದರೆ ನಿಮ್ಮ ಬ್ಲಾಕಿಗೆ (ಸಿಲಿಂಡರುಗಳಿರುವ ಇಂಜಿನ್ನಿನ ಎರಕದ ಒಡಲಿಗೆ) ಯಾವುದು ಸರಿ ಅನ್ನೋದು ಅಭಿಪ್ರಾಯದ ಮಾತಲ್ಲ, ಅಳತೆಯ ಮಾತು. ಬ್ಲಾಕಿನಿಂದ ಒಮ್ಮೆ ಕೊರೆದು ತೆಗೆದ ಕಬ್ಬಿಣ ವಾಪಸ್ ಬರುವುದಿಲ್ಲ. ಆದ್ದರಿಂದ ಅಳತೆ ಕೇಳಿದಷ್ಟು ಮಾತ್ರ ತೆಗೆಸಬೇಕು, ಒಂದು ಕೂದಲೆಳೆಯಷ್ಟೂ ಜಾಸ್ತಿ ಬೇಡ. ಈ ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ.

ಉದಾಹರಣೆಗೆ ಫೋಕ್ಸ್‌ವ್ಯಾಗನ್ನಿನ 8 ವಾಲ್ವಿನ ಹಳೆಯ 1.9 ಟಿಡಿಐ ಟರ್ಬೊ ಡೀಸೆಲ್ ಇಂಜಿನ್ನನ್ನು ಇಟ್ಟುಕೊಳ್ಳುತ್ತೇನೆ. ಇದು ಪ್ರಪಂಚದ ಮೂಲೆಮೂಲೆಯಲ್ಲೂ ಓಡಿದೆ, ಅಳತೆಗಳೂ ಸ್ಪಷ್ಟವಾಗಿವೆ. ನಿಮ್ಮದು ಬೇರೆ ಇಂಜಿನ್ ಆದರೆ ನಿಮ್ಮ ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗಳನ್ನೇ ಹಿಡಿಯಿರಿ. ಯೋಚನೆ ಮಾಡುವ ಕ್ರಮ ಮಾತ್ರ ಎಲ್ಲದಕ್ಕೂ ಒಂದೇ.

ಬಿಚ್ಚುವ ಮೊದಲು: ರೋಗ ಬೋರಿನಲ್ಲೇ (ಸಿಲಿಂಡರಿನ ಒಳರಂಧ್ರದಲ್ಲೇ) ಇದೆಯಾ?

ಇಂಜಿನ್ ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬರುತ್ತಿದೆ ಅಂದ ಮಾತ್ರಕ್ಕೆ ರಿಂಗ್ ಹೋಗಿದೆ ಅಂತ ಅಲ್ಲ. ಟರ್ಬೊ ಇಂಜಿನ್ನಿನಲ್ಲಿ ಆಯಿಲ್ ಕದಿಯುವ ಕಳ್ಳರು ಇನ್ನೂ ಇಬ್ಬರಿದ್ದಾರೆ: ಸವೆದ ಟರ್ಬೊ ಮತ್ತು ಗಟ್ಟಿಯಾದ ವಾಲ್ವ್ ಸೀಲ್. ಟರ್ಬೊದಿಂದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿಗೆ ಹೋಗುವ ಪೈಪ್ ಬಿಚ್ಚಿ ನೋಡಿ. ಒಳಗೆ ತೆಳುವಾದ ಎಣ್ಣೆಯ ಪದರ ಇದ್ದರೆ ಸಹಜ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಮೊದಲು ಟರ್ಬೊ ನೋಡಬೇಕು. ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಹೊಟ್ಟೆಯ) ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಎಣ್ಣೆ ಬರಬಹುದು. ಹಾಗೆ ಬರುತ್ತಿದ್ದರೆ ಅದು ಬೋರಿನ ಕಡೆಗೇ ಕೈ ತೋರಿಸುತ್ತದೆ.

ನಂತರ ಕಂಪ್ರೆಶನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. 1.9 ಟಿಡಿಐನಲ್ಲಿ ಹೊಸ ಇಂಜಿನ್ 25ರಿಂದ 31 ಬಾರ್ ತೋರಿಸಬೇಕು. ಸವೆತದ ಮಿತಿ 19 ಬಾರ್. ಸಿಲಿಂಡರುಗಳ ನಡುವೆ 5 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನನ್ನ ಅನುಭವದಲ್ಲಿ ಒಟ್ಟು ಅಂಕಿಗಿಂತ ಈ ವ್ಯತ್ಯಾಸವೇ ಜಾಸ್ತಿ ಮಾತಾಡುತ್ತದೆ. ನಾಲ್ಕೂ 22 ಇದ್ದರೆ ಇಂಜಿನ್ ಸಮನಾಗಿ ಮುಪ್ಪಾಗಿದೆ ಅಂತ ಅರ್ಥ. ಮೂರು 27 ಇದ್ದು ಒಂದು ಮಾತ್ರ 18 ಇದ್ದರೆ ಆ ಒಂದರಲ್ಲಿ ಏನೋ ಆಗಿದೆ.

ಕಂಪ್ರೆಶನ್ ಕಡಿಮೆ ಬಂದಾಗ ಸಿಲಿಂಡರಿನೊಳಕ್ಕೆ ಸ್ವಲ್ಪ ಎಣ್ಣೆ ಹಾಕಿ ಮತ್ತೆ ಅಳೆಯುವ ಪದ್ಧತಿ ಇದೆ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ತೆಳು ಹಾಳೆ). ಡೀಸೆಲ್ಲಿನಲ್ಲಿ ಇದನ್ನು ಮಾಡುವಾಗ ಕೈ ಬಿಗಿ ಹಿಡಿಯಿರಿ. ಈ ಇಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 25 ಸಿಸಿ ಅಷ್ಟೇ. ಅದರಲ್ಲಿ ಎಣ್ಣೆ ಜಾಸ್ತಿಯಾದರೆ ಅಳತೆ ಸುಳ್ಳಾಗುತ್ತದೆ. ಇನ್ನೂ ಜಾಸ್ತಿಯಾದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಲೀಕ್‌ಡೌನ್ ಟೆಸ್ಟ್ ಮಾಡುವ ಸಾಧನ ಸಿಕ್ಕರೆ ಅದೇ ವಾಸಿ. ಗಾಳಿ ತುಂಬಿ ಕಿವಿ ಕೊಟ್ಟರೆ ಸಾಕು. ಆಯಿಲ್ ಹಾಕುವ ಬಾಯಲ್ಲಿ ಬುಸ್ ಅಂದರೆ ರಿಂಗ್ ಅಥವಾ ಬೋರ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು.

24 ಅಳತೆಗಳ ಒಂದು ಹಾಳೆ

ಬೋರ್ ಸವೆದಿದೆ ಅಂತ ಖಾತ್ರಿಯಾಗಿ ಬ್ಲಾಕ್ ಬಿಚ್ಚಿದ್ದೀರಿ ಅಂದುಕೊಳ್ಳೋಣ. ಈಗ ಬೇಕಾಗಿರುವುದು ಬೋರಿನ ವ್ಯಾಸ ಅಳೆಯುವ ಡಯಲ್ ಬೋರ್ ಗೇಜ್. ಪ್ರತಿ ಸಿಲಿಂಡರಿನಲ್ಲೂ ಮೂರು ಎತ್ತರದಲ್ಲಿ ಅಳೆಯಬೇಕು: ಮೇಲಂಚಿನಿಂದ ಸುಮಾರು 10 ಮಿಮೀ ಕೆಳಗೆ, ನಡುವಿನಲ್ಲಿ, ಕೆಳಗಂಚಿನಿಂದ 10 ಮಿಮೀ ಮೇಲೆ. ಪ್ರತಿ ಎತ್ತರದಲ್ಲೂ ಎರಡು ದಿಕ್ಕು, ಒಂದು ಕ್ರ್ಯಾಂಕಿನ ಉದ್ದಕ್ಕೆ, ಇನ್ನೊಂದು ಅದಕ್ಕೆ ಅಡ್ಡ. ನಾಲ್ಕು ಸಿಲಿಂಡರಿಗೆ 24 ಅಳತೆ ಆಯಿತು. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ, ತಲೆಯಲ್ಲಿ ಇಟ್ಟುಕೊಳ್ಳಬೇಡಿ.

ಗೇಜನ್ನು ಬೋರಿನ ಒಳಗಿಟ್ಟು ಹಿಡಿಯನ್ನು ಹಿಂದೆ ಮುಂದೆ ನಿಧಾನ ತೂಗಬೇಕು. ಮುಳ್ಳು ಒಂದು ಕಡೆಗೆ ಓಡಿ, ಒಂದು ಕ್ಷಣ ನಿಂತು, ವಾಪಸ್ ತಿರುಗುತ್ತದೆ. ತಿರುಗುವ ಆ ಬಿಂದುವೇ ನಿಜವಾದ ಅಳತೆ. ಮೊದಲ ಸಲ ಹಿಡಿದವರಿಗೆ ಒಂದೇ ಜಾಗದಲ್ಲಿ ಮೂರು ಸಲ ಅಳೆದರೆ ಮೂರು ಅಂಕಿ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದೇ ಅಂಕಿ ಬರುವವರೆಗೂ ಮಾಡಿ. ಇನ್ನೊಂದು ಮುಖ್ಯ ವಿಷಯ. ಬ್ಲಾಕನ್ನು ಇಂಜಿನ್ ಸ್ಟ್ಯಾಂಡಿಗೆ ತೂಗುಹಾಕಿ ಅಳೆಯಬಾರದು. ತನ್ನ ಭಾರಕ್ಕೇ ಬ್ಲಾಕ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಅಳತೆ ತಪ್ಪುತ್ತದೆ. ಕೆಳಗಿಳಿಸಿ ಮೇಜಿನ ಮೇಲೆ ಇಟ್ಟು ಅಳೆಯಿರಿ.

1.9 ಟಿಡಿಐನ ಮೂಲ ಬೋರ್ 79.51 ಮಿಮೀ, ಅದಕ್ಕೆ ಹೊಂದುವ ಪಿಸ್ಟನ್ 79.47. ಎರಡರ ನಡುವೆ 0.04 ಮಿಮೀ ಸಂದು. ಬೋರ್ ಮೂಲ ಅಳತೆಗಿಂತ 0.10 ಮಿಮೀ ದಾಟಿದ್ದರೆ ಆಟ ಮುಗಿಯಿತು. ಪಿಸ್ಟನ್ನನ್ನು ಸ್ಕರ್ಟಿನ (ರಿಂಗುಗಳ ಕೆಳಗಿನ ಭಾಗದ) ಕೆಳಗಂಚಿನಿಂದ ಸುಮಾರು 10 ಮಿಮೀ ಮೇಲೆ, ಪಿನ್ನಿಗೆ ಅಡ್ಡಲಾಗಿ ಮೈಕ್ರೊಮೀಟರಿನಲ್ಲಿ ಅಳೆಯಬೇಕು. ಅಲ್ಲಿ 0.04ಕ್ಕಿಂತ ಜಾಸ್ತಿ ಸವೆದಿದ್ದರೆ ಪಿಸ್ಟನ್ನೂ ಹೋಯಿತು. ಹಳೆಯ ರಿಂಗನ್ನು ಬೋರಿನ ಕೆಳಭಾಗಕ್ಕೆ ನೇರವಾಗಿ ತಳ್ಳಿ ಬಾಯಿಯ ಸಂದು ನೋಡುವುದೂ ಒಂದು ಸುಲಭ ಪರೀಕ್ಷೆ. ಹೊಸದರಲ್ಲಿ 0.20ರಿಂದ 0.40 ಮಿಮೀ ಇರುತ್ತದೆ, 1.0 ಮಿಮೀ ದಾಟಿದರೆ ಮಿತಿ ಮೀರಿದ ಹಾಗೆ.

ಈ ಹಾಳೆ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಆದ ಹಾಗೆಯೇ.

ಹೋನ್ ಮಾಡಿಸಿ ರಿಂಗ್ ಹಾಕುವುದು

ಖರ್ಚು ಕಡಿಮೆ, ಬ್ಲಾಕಿನ ಕಬ್ಬಿಣ ಹಾಗೇ ಉಳಿಯುತ್ತದೆ, ಪಿಸ್ಟನ್ ಅದೇ. ಬೋರ್ ದುಂಡಗಿದ್ದು, ಮೆಟ್ಟಿಲಿಲ್ಲದೆ, ಮಿತಿಯೊಳಗೇ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳ್ಳೆಯ ಎರಕದ ಬ್ಲಾಕುಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ ಕಂಪನಿಯ ಹೋನಿಂಗ್ ಗೆರೆಗಳು ಕಾಣುವುದುಂಟು. ಅಂಥ ಬ್ಲಾಕನ್ನು ಕೊರೆಯುವುದು ಅನ್ಯಾಯ.

ಆದರೆ ಹೋನಿಂಗ್ ಎನ್ನುವುದು ಬೋರಿನ ಮೈಯನ್ನು ಸರಿ ಮಾಡುತ್ತದೆ, ಆಕಾರವನ್ನಲ್ಲ. ಮೂರು ಕಲ್ಲಿನ ಸ್ಪ್ರಿಂಗ್ ಹೋನನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ, ಬೋರ್ ಮೊಟ್ಟೆಯಾಕಾರ ಇದ್ದರೆ ಮೊಟ್ಟೆಯಾಕಾರದಲ್ಲೇ ಹೊಳೆಯುತ್ತದೆ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ನನ್ನ ಮೊದಲ ಡೀಸೆಲ್ ಇಂಜಿನ್ನಿನಲ್ಲಿ ಒಂದು ಸಿಲಿಂಡರ್ ಮೇಲ್ಭಾಗದಲ್ಲಿ ಅಡ್ಡಲಾಗಿ ಸವೆದಿತ್ತು. ಮೆಷಿನ್ ಶಾಪಿನವರು ಬರೀ ಕಣ್ಣಲ್ಲಿ ನೋಡಿ, ಹೋನ್ ಸಾಕು ಅಂದರು. ನಾನೂ ಅಳತೆ ಕೇಳಲಿಲ್ಲ. ಹೊಸ ರಿಂಗ್ ಹಾಕಿದೆ, ಶುರುವಿನಲ್ಲಿ ಚೆನ್ನಾಗಿತ್ತು. ವರ್ಷ ತುಂಬುವುದರೊಳಗೆ ಡಿಪ್‌ಸ್ಟಿಕ್ ಮತ್ತೆ ಇಳಿಯತೊಡಗಿತು. ದುಂಡಗಿನ ರಿಂಗ್ ದುಂಡಗಿಲ್ಲದ ಬೋರಿನಲ್ಲಿ ಎಲ್ಲ ಕಡೆ ಒತ್ತಿ ಕೂರುವುದಾದರೂ ಹೇಗೆ? ಅದೇ ಗ್ಯಾಸ್ಕೆಟ್, ಅದೇ ಬೋಲ್ಟ್, ಅದೇ ಕೆಲಸ ಎರಡನೇ ಸಲ.

ಮೆಟ್ಟಿಲಿನ ವಿಷಯ ಇನ್ನೂ ಗಂಭೀರ. ಹಳೆಯ ರಿಂಗಿನ ಅಂಚು ಸವೆದು ಮೆಟ್ಟಿಲಿನ ಜೊತೆ ಒಗ್ಗಿಕೊಂಡಿರುತ್ತದೆ. ಹೊಸ ರಿಂಗಿನ ಅಂಚು ಚೂಪು. ಅದು ಪ್ರತಿ ಸುತ್ತಿಗೂ ಮೆಟ್ಟಿಲಿಗೆ ಹೊಡೆದು ಕೊನೆಗೆ ರಿಂಗೋ, ಪಿಸ್ಟನ್ನಿನ ಅಂಚೋ ಮುರಿಯುತ್ತದೆ. ಹಳೆಯ ಪಿಸ್ಟನ್ ಉಳಿಸಿಕೊಳ್ಳುವುದಾದರೆ ಮೊದಲನೇ ರಿಂಗ್ ಕೂರುವ ತೋಡನ್ನೂ ನೋಡಿ. ಡೀಸೆಲ್ ಪಿಸ್ಟನ್ನಿನಲ್ಲಿ ಆ ರಿಂಗ್ ಹೆಚ್ಚಾಗಿ ಇಳಿಜಾರು ಮೈಯದ್ದು, ತೋಡೂ ಹಾಗೇ. ಅದು ಅಗಲವಾಗಿದ್ದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ. ಪಿಸ್ಟನ್ನಿನ ತಲೆಯ ಮೇಲಿನ ಬಟ್ಟಲಿನ ಅಂಚಿನಲ್ಲಿ ಕೂದಲಿನಂಥ ಬಿರುಕು ಇದ್ದರೆ ಆ ಪಿಸ್ಟನ್ ಮತ್ತೆ ಹಾಕಲೇಬೇಡಿ.

ಓವರ್‌ಸೈಜ್ ಪಿಸ್ಟನ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬೋರ್ ಮಿತಿ ದಾಟಿದ್ದರೆ, ಗೀರು ಬಿದ್ದಿದ್ದರೆ, ಮೆಟ್ಟಿಲಿದ್ದರೆ ರೀಬೋರ್ ಮಾಡಿಸಿ (ಬೋರನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿ) ದೊಡ್ಡ ಪಿಸ್ಟನ್ ಹಾಕುವುದು ನೇರವಾದ ದಾರಿ. ಬೋರ್ ಹೊಸದರಷ್ಟೇ ದುಂಡಗೆ, ನೇರವಾಗಿ ಬರುತ್ತದೆ. ಪಿಸ್ಟನ್ ಹೊಸದು, ರಿಂಗ್ ಹೊಸದು, ಪಿನ್ ಹೊಸದು. ಕೆಲಸ ಸರಿಯಾಗಿ ಆದರೆ ಇಂಜಿನ್ನಿಗೆ ಇನ್ನೊಂದು ಪೂರ್ತಿ ಆಯಸ್ಸು.

ಮೊದಲು ಪವರಿನ ಭ್ರಮೆ ಬಿಡಿಸಿಬಿಡೋಣ. 1.9 ಟಿಡಿಐನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 95.5 ಮಿಮೀ, ಒಟ್ಟು 1896 ಸಿಸಿ. ಎರಡನೇ ಓವರ್‌ಸೈಜಿಗೆ, ಅಂದರೆ 80.01 ಮಿಮೀ ಬೋರಿಗೆ ಹೋದರೆ ಸುಮಾರು 1920 ಸಿಸಿ ಆಗುತ್ತದೆ. ನಾಲ್ಕೂ ಸಿಲಿಂಡರ್ ಸೇರಿ ಜಾಸ್ತಿಯಾದದ್ದು 24 ಸಿಸಿ, ಶೇಕಡಾ ಒಂದೂಕಾಲು. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ರೀಬೋರ್ ಆದ ಮೇಲೆ ಗಾಡಿ ಚುರುಕಾಗಿದೆ ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಚುರುಕು ಬಂದದ್ದು ಕಳೆದುಹೋಗಿದ್ದ ಕಂಪ್ರೆಶನ್ ವಾಪಸ್ ಬಂದದ್ದರಿಂದ. ಕಂಪ್ರೆಶನ್ ಅನುಪಾತವೂ ಅಷ್ಟೇ: ಬಟ್ಟಲಿನ ಅಳತೆ, ಪಿಸ್ಟನ್ನಿನ ಎತ್ತರ ಎರಡೂ ಮೊದಲಿನದೇ ಆದರೆ 19.5 ಇದ್ದದ್ದು 19.7ರ ಆಸುಪಾಸಿಗೆ ಹೋಗುತ್ತದೆ. ಚಿಂತೆ ಮಾಡುವ ವಿಷಯವಲ್ಲ.

ಮೊದಲನೇ ಓವರ್‌ಸೈಜೋ, ಎರಡನೆಯದೋ? ಟಿಡಿಐಗೆ ಮೊದಲನೆಯದು 79.76 ಬೋರಿಗೆ 79.72 ಪಿಸ್ಟನ್. ಎರಡನೆಯದು 80.01 ಬೋರಿಗೆ 79.97. ಒಂದೊಂದು ಮೆಟ್ಟಿಲಿಗೂ ಕಾಲು ಮಿಲಿಮೀಟರ್. ಬೇರೆ ಇಂಜಿನ್ನುಗಳಿಗೆ ಅರ್ಧ, ಮುಕ್ಕಾಲು, ಒಂದು ಮಿಲಿಮೀಟರಿನವೂ ಸಿಗುತ್ತವೆ. ಇಲ್ಲಿ ನನ್ನ ಮಾತು ಒಂದೇ. ಅತಿ ಹೆಚ್ಚು ಕೆಟ್ಟ ಸಿಲಿಂಡರಿನ ಅತಿ ಆಳದ ಗೀರು ಪೂರ್ತಿ ಹೋಗುವ ಅತಿ ಚಿಕ್ಕ ಸೈಜನ್ನೇ ಆರಿಸಿ. 0.15 ಮಿಮೀ ಸವೆದ ಬೋರಿಗೆ ಮೊದಲನೆಯದು ಧಾರಾಳ ಸಾಕು ಅನಿಸಬಹುದು. ಆದರೆ ಸವೆತ ಯಾವಾಗಲೂ ಒಂದೇ ಬದಿಗೆ ಜಾಸ್ತಿ ಇರುತ್ತದೆ. ಬೋರಿನ ಮಧ್ಯಬಿಂದು ಕದಲದ ಹಾಗೆ ಕೊರೆದರೆ ಎಲ್ಲ ಬದಿಗೂ ಸಿಗುವುದು ಹೆಚ್ಚಳದ ಅರ್ಧ, ಅಂದರೆ 0.125 ಮಿಮೀ ಮಾತ್ರ. ಒಂದೇ ಬದಿಗೆ 0.14 ಆಳದ ಗೀರಿದ್ದರೆ ಮೊದಲನೇ ಸೈಜಿನಲ್ಲಿ ಅದರ ನೆರಳು ಉಳಿದುಬಿಡುತ್ತದೆ. ಈ ಲೆಕ್ಕವನ್ನು ಪಿಸ್ಟನ್ ಆರ್ಡರ್ ಮಾಡುವ ಮೊದಲೇ ಮಾಡಿ.

ಸುಮ್ನೆ ಎರಡನೆಯದಕ್ಕೆ ಹೋಗಿಬಿಡೋಣ, ಒಂದೇ ಸಲಕ್ಕೆ ಆಗಿಹೋಗಲಿ ಅನ್ನುವವರಿಗೆ ನನ್ನ ತಕರಾರಿದೆ. ಮೊದಲನೇ ಸೈಜಿನಲ್ಲಿ ನಿಂತರೆ ಮುಂದೊಮ್ಮೆ ಏನಾದರೂ ಎಡವಟ್ಟಾದಾಗ ಎರಡನೆಯದು ಕೈಯಲ್ಲಿರುತ್ತದೆ. ನೇರ ಎರಡನೆಯದಕ್ಕೆ ಹೋದರೆ ಆಮೇಲೆ ಉಳಿಯುವುದು ಲೈನರ್ ಮಾತ್ರ. ಈ ಬ್ಲಾಕಿನಲ್ಲಿ ಸಿಲಿಂಡರಿನ ಮಧ್ಯದಿಂದ ಪಕ್ಕದ ಸಿಲಿಂಡರಿನ ಮಧ್ಯಕ್ಕೆ ಇರುವುದು 88 ಮಿಮೀ. ಅಂದರೆ ಮೂಲದಲ್ಲೇ ಎರಡು ಬೋರಿನ ನಡುವಿನ ಗೋಡೆ ಎಂಟೂವರೆ ಮಿಮೀ. ನೀರಿನ ಬದಿಯಲ್ಲಿ ತುಕ್ಕು ತಿಂದ ಹಳೆಯ ಬ್ಲಾಕಾದರೆ ಹೊರಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಲ್ಲಿ ನೋಡಿಸುವುದು ಒಳ್ಳೆಯದು, ಅದರಲ್ಲೂ ಅರ್ಧ ಮಿಮೀಗಿಂತ ಜಾಸ್ತಿ ಕೊರೆಯುವುದಿದ್ದರೆ.

ಇನ್ನು ಮೆಷಿನ್ ಶಾಪಿನ ಕೆಲಸ. ಓವರ್‌ಸೈಜಿನ ದಾರಿ ಗೆಲ್ಲುವುದೂ ಇಲ್ಲೇ, ಸೋಲುವುದೂ ಇಲ್ಲೇ. ಪಿಸ್ಟನ್ ನಿಮ್ಮ ಕೈಗೆ ಬರುವವರೆಗೂ ಬ್ಲಾಕನ್ನು ಕೊರೆಯುವ ಯಂತ್ರದ ಬೋರಿಂಗ್ ಬಾರಿನ ಹತ್ತಿರ ಬಿಡಬೇಡಿ. ಡಬ್ಬಿಯ ಮೇಲೆ ಬರೆದ ಸೈಜಿಗೆ ಅಲ್ಲ, ಡಬ್ಬಿಯೊಳಗಿನ ಪಿಸ್ಟನ್ನಿಗೆ ಬೋರ್ ಮಾಡಬೇಕು. ಪ್ರತಿ ಪಿಸ್ಟನ್ನನ್ನೂ ಅಳೆದು, ಯಾವುದು ಯಾವ ಸಿಲಿಂಡರಿಗೆ ಅಂತ ನಂಬರ್ ಹಾಕಿ, ಅದಕ್ಕೆ ತಕ್ಕ ಸಂದು ಬಿಟ್ಟು ಹೋನ್ ಮಾಡಬೇಕು. ಕೊರೆಯುವ ಬಾರ್ ಕೊನೆಯ ಅಳತೆಗೆ 0.05ರಿಂದ 0.08 ಮಿಮೀ ಇರುವಾಗಲೇ ನಿಲ್ಲಬೇಕು. ಉಳಿದದ್ದನ್ನು ಹೋನಿಂಗ್ ಕಲ್ಲೇ ತೆಗೆಯಬೇಕು. ಯಾಕೆಂದರೆ ಬಾರಿನ ಹಲ್ಲು ಕಬ್ಬಿಣದ ಮೈಯನ್ನು ಕಿತ್ತು ಹರಿದಿರುತ್ತದೆ. ಆ ಹರಿದ ಪದರ ಪೂರ್ತಿ ಹೋಗದಿದ್ದರೆ ರಿಂಗ್ ಬೇಗ ಸವೆಯುತ್ತದೆ.

ಟಾರ್ಕ್ ಪ್ಲೇಟ್ ಹಾಕಿ ಹೋನ್ ಮಾಡುತ್ತೀರಾ ಅಂತ ಕೇಳಿ. ಹೆಡ್ ಬೋಲ್ಟ್ ಬಿಗಿದಾಗ ಬೋರಿನ ಮೇಲ್ಭಾಗ ಸ್ವಲ್ಪ ಆಕಾರ ಕೆಡುತ್ತದೆ. ದಪ್ಪ ಲೋಹದ ಪ್ಲೇಟನ್ನು ಹೆಡ್ಡಿನ ಜಾಗದಲ್ಲಿ ಅದೇ ಬಿಗಿತಕ್ಕೆ ಬಿಗಿದು ಹೋನ್ ಮಾಡಿದರೆ, ಇಂಜಿನ್ ಜೋಡಿಸಿದ ಮೇಲೆಯೂ ಬೋರ್ ದುಂಡಗೆ ಇರುತ್ತದೆ. ಪ್ಲೇಟ್ ಇಲ್ಲದೆ ಮಾಡಿದ ಇಂಜಿನ್ನುಗಳೂ ಓಡುತ್ತವೆ, ನಿಜ. ಆದರೆ ಎರಡು ಶಾಪ್ ನಡುವೆ ಆರಿಸುವುದಿದ್ದರೆ ಪ್ಲೇಟ್ ಇರುವ ಕಡೆಗೇ ನಾನು ಹೋಗುತ್ತೇನೆ, ಸ್ವಲ್ಪ ದೂರವಾದರೂ ಸರಿ.

ಒಂದೇ ಸಿಲಿಂಡರ್ ಕೆಟ್ಟಿದ್ದರೆ ಅದೊಂದನ್ನೇ ಬೋರ್ ಮಾಡಿಸಬಹುದಾ? ಪಿಸ್ಟನ್ನಿನ ತೂಕ ಉಳಿದ ಮೂರರ ಜೊತೆ ಹೊಂದಿದರೆ ಓಡುತ್ತದೆ. ಆದರೂ ನನಗೆ ಆ ದಾರಿ ಇಷ್ಟವಿಲ್ಲ. ಮುಂದೆ ಯಾರೋ ಬಿಚ್ಚಿದಾಗ ತಲೆ ಕೆಡುತ್ತದೆ, ಉಳಿದ ಮೂರು ಹೇಗಿದ್ದರೂ ಹಳೆಯವೇ.

ಯಾವ ಪಿಸ್ಟನ್?

ರಸ್ತೆಯಲ್ಲಿ ಓಡುವ ಗಾಡಿಗೆ ಎರಕದ ಪಿಸ್ಟನ್ನೇ ಸರಿ. ಒಳ್ಳೆಯ ಡೀಸೆಲ್ ಪಿಸ್ಟನ್ನಿನಲ್ಲಿ ಮೊದಲನೇ ರಿಂಗಿನ ಜಾಗಕ್ಕೆ ನಿಕ್ಕಲ್ ಬೆರೆತ ಕಬ್ಬಿಣದ ಒಂದು ಬಳೆಯನ್ನು ಅಲ್ಯುಮಿನಿಯಂ ಜೊತೆಗೇ ಎರಕ ಹೊಯ್ದಿರುತ್ತಾರೆ. ರಿಂಗಿನ ತೋಡು ಬೇಗ ಅಗಲವಾಗದಿರುವುದು ಅದರಿಂದಲೇ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದು. ಫೋರ್ಜ್ಡ್ ಪಿಸ್ಟನ್ ಗಟ್ಟಿ, ಸಂಶಯವಿಲ್ಲ. ಆದರೆ ಬಿಸಿಗೆ ಜಾಸ್ತಿ ಹಿಗ್ಗುವುದರಿಂದ ಸಂದು ಜಾಸ್ತಿ ಬಿಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಟಕಟಕ ಅನ್ನುತ್ತದೆ. ಬೂಸ್ಟನ್ನೂ (ಟರ್ಬೊ ಕೊಡುವ ಗಾಳಿಯ ಒತ್ತಡ) ಡೀಸೆಲ್ಲನ್ನೂ ವಿಪರೀತ ಏರಿಸುವವರಿಗೆ ಅದು ಬೇಕು, ದಿನಾ ಆಫೀಸಿಗೆ ಹೋಗಿ ಬರುವವರಿಗೆ ಬೇಡ.

ಸೈಜಿನಷ್ಟೇ ಮುಖ್ಯವಾದ ಇನ್ನೂ ಕೆಲವು ಅಳತೆಗಳಿವೆ. ಪಿನ್ನಿನ ಮಧ್ಯದಿಂದ ತಲೆಯವರೆಗಿನ ಎತ್ತರ, ಪಿನ್ನಿನ ದಪ್ಪ, ಬಟ್ಟಲಿನ ಆಕಾರ, ವಾಲ್ವಿನ ಗುಂಡಿಗಳು. ನೇರ ಇಂಜೆಕ್ಷನ್ ಇಂಜಿನ್ನಿನಲ್ಲಿ ನಾಝಲ್ ಸಿಂಪಡಿಸುವುದೇ ಆ ಬಟ್ಟಲಿನೊಳಕ್ಕೆ. ಬಟ್ಟಲು ಬೇರೆಯಾದರೆ ಹೊಗೆ, ಬಿಸಿ ಎರಡೂ ಏರುತ್ತದೆ. ಒಂದೇ ಇಂಜಿನ್ ಕುಟುಂಬದಲ್ಲೂ ಇವು ಬದಲಾಗುತ್ತವೆ. ಆದ್ದರಿಂದ ಇಂಜಿನ್ ಕೋಡ್ ಕೊಟ್ಟೇ ಆರ್ಡರ್ ಮಾಡಿ. ಕೆಳಗಿನಿಂದ ಎಣ್ಣೆ ಚಿಮ್ಮಿಸುವ ಜೆಟ್ ಇರುವ ಬ್ಲಾಕಾದರೆ ಹೊಸ ಪಿಸ್ಟನ್ನಿನ ಸ್ಕರ್ಟ್ ಆ ಜೆಟ್ಟಿಗೆ ತಾಗುವುದಿಲ್ಲ ಅಂತ ಕೈಯಲ್ಲಿ ತಿರುಗಿಸಿ ನೋಡಿ. ಹೆಡ್ ಗ್ಯಾಸ್ಕೆಟ್ಟಿನ ಬೆಂಕಿ ತಡೆಯುವ ಉಂಗುರ ದೊಡ್ಡದಾದ ಬೋರಿನ ಒಳಕ್ಕೆ ಚಾಚಬಾರದು, ಅದನ್ನೂ ಬ್ಲಾಕಿನ ಮೇಲಿಟ್ಟು ನೋಡಿ.

ಲೈನರ್ ಹಾಕಿಸಿ ಮೂಲ ಸೈಜಿಗೇ ಬರುವುದು

ಇಲ್ಲಿ ಮೊದಲು ನಿಮ್ಮ ಬ್ಲಾಕ್ ಯಾವ ಜಾತಿಯದು ಅಂತ ತಿಳಿಯಬೇಕು. ಕೆಲವು ಡೀಸೆಲ್ಲುಗಳಲ್ಲಿ ಕಂಪನಿಯಿಂದಲೇ ಲೈನರ್ ಇರುತ್ತದೆ. ಮರ್ಸಿಡಿಸ್‌ನ ಐದು ಸಿಲಿಂಡರಿನ ಒಎಂ617ನಲ್ಲಿ ನೀರು ತಾಗದ ಡ್ರೈ ಲೈನರ್ ಇದೆ. ಇಸುಝು 4ಜೆಬಿ1ನಲ್ಲಿ ಮೂಲದಲ್ಲಿ ಇರುವುದು ಕ್ರೋಮ್ ಲೇಪನದ ತೆಳ್ಳಗಿನ ಲೈನರ್. ಅದನ್ನು ಕೊರೆಯುವ, ಹೋನ್ ಮಾಡುವ ಪ್ರಶ್ನೆಯೇ ಇಲ್ಲ, ತೆಗೆದು ಹೊಸದು ಹಾಕುವುದೇ. ನೀರು ನೇರವಾಗಿ ತಾಗುವ ವೆಟ್ ಲೈನರ್ ಇದ್ದರಂತೂ ಲೈನರ್, ಪಿಸ್ಟನ್, ರಿಂಗ್ ಸೇರಿದ ಕಿಟ್ ತಂದು ಹಾಕಿದರಾಯಿತು. ಅಂಥ ಇಂಜಿನ್ ಇರುವವರು ಈ ಬರಹದ ಅರ್ಧ ಭಾಗ ಬಿಟ್ಟುಬಿಡಬಹುದು.

ಲೈನರ್ ಇಲ್ಲದ ಬ್ಲಾಕಿಗೆ ಹೊಸದಾಗಿ ಡ್ರೈ ಲೈನರ್ ಕೂರಿಸುವುದು ಬೇರೆ ಕಥೆ. ಎರಡು ಮಿಮೀ ಗೋಡೆಯ ಲೈನರ್ ಅಂದರೆ ಬೋರನ್ನು 83.5 ಮಿಮೀವರೆಗೆ ಕೊರೆಯಬೇಕು. ನಮ್ಮ ಟಿಡಿಐ ಲೆಕ್ಕದಲ್ಲಿ ಎಂಟೂವರೆ ಮಿಮೀ ಇದ್ದ ನಡುಗೋಡೆಯಲ್ಲಿ ಮೂಲ ಬ್ಲಾಕಿನದು ಉಳಿಯುವುದು ನಾಲ್ಕೂವರೆ. ಲೈನರ್ ಬಿಗಿಯಾಗಿ ಕೂರಬೇಕು, ಕೆಳಗೆ ಅದು ಜಾರದಂತೆ ಒಂದು ಮೆಟ್ಟಿಲು ಬಿಡಬೇಕು, ಮೇಲ್ಮೈಯನ್ನು ಮತ್ತೆ ಸಮ ಮಾಡಬೇಕು. ಬಿಗಿ ಕಡಿಮೆಯಾದರೆ ಬಿಸಿ ಬ್ಲಾಕಿಗೆ ದಾಟುವುದಿಲ್ಲ, ಜಾಸ್ತಿಯಾದರೆ ಗೋಡೆ ಬಿರಿಯುತ್ತದೆ. ಕೈ ಪಳಗಿದವರು ಮಾಡಿದರೆ ಇದು ದಶಕಗಟ್ಟಲೆ ನಿಲ್ಲುತ್ತದೆ.

ಯಾವಾಗ ಈ ದಾರಿ? ಕೊನೆಯ ಓವರ್‌ಸೈಜ್ ಆಗಲೇ ಮುಗಿದಿದ್ದರೆ. ಓವರ್‌ಸೈಜ್ ಪಿಸ್ಟನ್ ಎಲ್ಲೂ ಸಿಗದಿದ್ದರೆ. ಒಂದೇ ಸಿಲಿಂಡರಿನಲ್ಲಿ ಆಳವಾದ ಗಾಯವಾಗಿ, ಉಳಿದ ಮೂರು ನಿಜವಾಗಿಯೂ ಚೆನ್ನಾಗಿದ್ದರೆ. ಈ ಮೂರನೇ ಸಂದರ್ಭದಲ್ಲಿ ಮೂರು ಒಳ್ಳೆಯ ಬೋರನ್ನು ಕೊರೆಯುವುದಕ್ಕಿಂತ ಒಂದು ಲೈನರ್ ಹಾಕಿಸುವುದೇ ಬ್ಲಾಕಿಗೆ ಮಾಡುವ ನ್ಯಾಯ.

ಇನ್ನೊಂದು ಇಂಜಿನ್ ತಂದು ಹಾಕುವುದು

ಬ್ಲಾಕಿನಲ್ಲಿ ಬಿರುಕಿದ್ದರೆ, ರಾಡ್ ಹೊರಗೆ ಬಂದಿದ್ದರೆ, ಕ್ರ್ಯಾಂಕ್ ಕೂಡ ಹೋಗಿದ್ದರೆ ಇದೇ ದಾರಿ. ಉಳಿದ ಸಂದರ್ಭದಲ್ಲಿ ಅವಸರ ಇರುವವರಿಗೆ ಮಾತ್ರ. ಬಳಸಿದ ಇಂಜಿನ್ ಎಂದರೆ ಬೇರೆ ಯಾರದೋ ಸವೆದ ಬೋರ್. ಹಾಕುವ ಮೊದಲು ಅದರ ಕಂಪ್ರೆಶನ್ ಅಳೆದು, ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಒಂದೆರಡು ಬೇರಿಂಗ್ ನೋಡಿ. ಗಾಡಿಯ ಕಾಗದದಲ್ಲಿ ಇಂಜಿನ್ ನಂಬರ್ ಇದ್ದರೆ ಅದನ್ನೂ ಬದಲಾಯಿಸಬೇಕಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಬೋರ್ 79.58ರೊಳಗೆ, ದುಂಡಗೆ, ಮೆಟ್ಟಿಲಿಲ್ಲದೆ ಇದೆ, ಪಿಸ್ಟನ್ನಿನ ರಿಂಗ್ ತೋಡು ಅಗಲವಾಗಿಲ್ಲ: ಹೋನ್ ಮತ್ತು ರಿಂಗ್. ಬೋರ್ 79.61ರ ಅಂಚಿಗೆ ಬಂದಿದೆ ಅಥವಾ ದಾಟಿದೆ: ಮೊದಲನೇ ಓವರ್‌ಸೈಜ್, ಗೀರು ಅದರಲ್ಲಿ ಪೂರ್ತಿ ಹೋಗುವುದಾದರೆ. ನಡುವೆ ಎಲ್ಲೋ ಇದೆ, ಗಾಡಿಯನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದೆ: ನಾನಾಗಿದ್ದರೆ ಮೊದಲನೇ ಓವರ್‌ಸೈಜ್ ಮಾಡಿಸುತ್ತೇನೆ. ಹೆಡ್ ಬಿಚ್ಚುವ ಕೆಲಸ ಎರಡು ಸಲ ಮಾಡುವ ಕಷ್ಟ ನನಗೆ ಗೊತ್ತು. ಗಾಡಿಯನ್ನು ಎರಡೇ ವರ್ಷದಲ್ಲಿ ಮಾರುವವರು ರಿಂಗಿನಲ್ಲೇ ನಿಲ್ಲಬಹುದು, ಕೊಳ್ಳುವವರಿಗೆ ಅದನ್ನು ಹೇಳಿದರೆ ಸರಿ.

ಪಿಸ್ಟನ್ ಯಾಕೆ ಹೋಯಿತು ಅಂತ ಕೇಳದೆ ಹೊಸದು ಹಾಕಬೇಡಿ

ಟರ್ಬೊ ಡೀಸೆಲ್ಲಿನಲ್ಲಿ ಪಿಸ್ಟನ್ ತಾನಾಗಿ ಸಾಯುವುದು ಕಡಿಮೆ. ಸೋರುವ ಇಂಜೆಕ್ಟರ್ ಪಿಸ್ಟನ್ನಿನ ತಲೆಯನ್ನು ಸುಡುತ್ತದೆ, ಬೋರಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಏರ್ ಫಿಲ್ಟರ್ ಸರಿ ಕೂರದಿದ್ದರೆ ದೂಳು ಒಳಗೆ ಹೋಗಿ ಬೋರನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಇಂಜೆಕ್ಟರುಗಳನ್ನು ಬೆಂಚಿನ ಮೇಲೆ ಪರೀಕ್ಷೆ ಮಾಡಿಸದೆ ಹೊಸ ಪಿಸ್ಟನ್ ಹಾಕುವುದು ಹಣ ಸುಟ್ಟ ಹಾಗೆ.

ಇಂಟರ್‌ಕೂಲರನ್ನು ಬಿಚ್ಚಿ ಒಳಗಿನ ಎಣ್ಣೆಯನ್ನು ಪೂರ್ತಿ ತೊಳೆಯಿರಿ. ಇದು ಬರೀ ಸ್ವಚ್ಛತೆಯ ಮಾತಲ್ಲ. ಡೀಸೆಲ್ ಇಂಜಿನ್ ಎಣ್ಣೆ ಕುಡಿದೂ ಓಡುತ್ತದೆ. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಎಳೆದುಕೊಂಡು ಇಂಜಿನ್ ಹುಚ್ಚೆದ್ದರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಹೊಸ ಪಿಸ್ಟನ್ ಹಾಕಿದ ದಿನವೇ ಹಾಗಾಗುವುದನ್ನು ನೆನೆಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಜೋಡಿಸುವಾಗ ತಪ್ಪಬಾರದ ಕೆಲವು

ಹೋನ್ ಆದ ಬೋರನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಲದು. ಕಲ್ಲಿನ ಪುಡಿ ಗೆರೆಗಳಲ್ಲೇ ಕೂತಿರುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್. ಉಜ್ಜಿ ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಬೋರ್ ಒರೆಸಿ ನೋಡಿ. ಬೂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗೇ ಬರುವವರೆಗೂ ತೊಳೆಯಿರಿ. ನಾನು ಐದು ಸಲ ತೊಳೆದದ್ದಿದೆ. ಮುಗಿದ ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಪಿಸ್ಟನ್ ಹಾಕಿದ ಮೇಲೆ ಅದು ಬ್ಲಾಕಿನ ಮೇಲ್ಮೈಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜಿನಲ್ಲಿ ಅಳೆಯಬೇಕು. ಟಿಡಿಐನಲ್ಲಿ 0.91ರಿಂದ 1.00 ಮಿಮೀ ಬಂದರೆ (ದಪ್ಪದ ಗುರುತಾಗಿ) ಒಂದು ತೂತಿನ ಗ್ಯಾಸ್ಕೆಟ್, 1.01ರಿಂದ 1.10ಕ್ಕೆ ಎರಡು ತೂತಿನದು, 1.11ರಿಂದ 1.20ಕ್ಕೆ ಮೂರು ತೂತಿನದು. ಹಳೆಯ ಗ್ಯಾಸ್ಕೆಟ್ ನೋಡಿ ಅದನ್ನೇ ತರಬೇಡಿ, ಪಿಸ್ಟನ್ ಬದಲಾಗಿದೆ. ರಾಡ್ ಬೋಲ್ಟ್, ಹೆಡ್ ಬೋಲ್ಟ್ ಎರಡೂ ಒಮ್ಮೆ ಎಳೆದುಕೊಂಡರೆ ಮುಗಿಯಿತು, ಹೊಸವೇ ಬೇಕು. ರಾಡಿಗೆ 30 ನ್ಯೂಟನ್ ಮೀಟರ್, ಆಮೇಲೆ ಕಾಲು ಸುತ್ತು. ಹೆಡ್ಡಿಗೆ 40, ನಂತರ 60, ಆಮೇಲೆ ಕಾಲು ಸುತ್ತು ಎರಡು ಸಲ. ರಿಂಗಿನ ಬಾಯಿಗಳು ಒಂದಕ್ಕೊಂದು 120 ಡಿಗ್ರಿ ದೂರ, ಗುರುತು ಇರುವ ಮುಖ ಮೇಲಕ್ಕೆ.

ಡೀಸೆಲ್ ಕಟ್ ಮಾಡಿ, ಆಯಿಲ್ ಪ್ರೆಶರ್ ಬರುವವರೆಗೆ ಸ್ಟಾರ್ಟರಿನಲ್ಲಿ ತಿರುಗಿಸಿ, ಟರ್ಬೊದ ಆಯಿಲ್ ಪೈಪಿಗೂ ಎಣ್ಣೆ ತುಂಬಿ, ಆಮೇಲೆ ಸ್ಟಾರ್ಟ್ ಮಾಡಿ. ಶುರುವಾದ ಮೇಲೆ ಪ್ರೀತಿಯಿಂದ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಡಬೇಡಿ. ರಿಂಗ್ ಬೋರಿಗೆ ಕೂರಬೇಕಾದರೆ ಅದರ ಹಿಂದೆ ಗ್ಯಾಸಿನ ಒತ್ತಡ ಬೇಕು, ಅದು ಬರುವುದು ಲೋಡಿನಲ್ಲಿ. ಬಿಸಿಯಾದ ಕೂಡಲೇ ರಸ್ತೆಗೆ ತಂದು, ಮಧ್ಯಮ ಗೇರಿನಲ್ಲಿ ಹದವಾಗಿ ಎಳೆಸಿ, ಕಾಲು ಬಿಟ್ಟು ತಾನಾಗಿ ನಿಧಾನವಾಗಲು ಬಿಡಿ, ಮತ್ತೆ ಎಳೆಸಿ. ಪೂರ್ತಿ ಬೂಸ್ಟ್ ಬೇಡ, ಒಂದೇ ವೇಗದಲ್ಲಿ ದೂರ ಪ್ರಯಾಣವೂ ಬೇಡ. ಮೊದಲ ಆಯಿಲನ್ನು 500 ಕಿಲೋಮೀಟರಿನೊಳಗೆ ಬದಲಾಯಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ನವುರಾದ ಬೂದು ಪುಡಿ ಇದ್ದರೆ ರಿಂಗ್ ಕೂರುತ್ತಿದೆ. ಹೊಳೆಯುವ ಚೂರುಗಳಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಆ 24 ಅಳತೆಯ ಹಾಳೆಯನ್ನು ಮತ್ತೆ ಕೈಗೆತ್ತಿಕೊಳ್ಳಿ.